ಎಂಟನೇ ಕ್ಲಾಸಿಗೆ ಕೂಸು ಎಲ್ಲಿಗೆ?

ಕಳೆದ ವರ್ಷ ಇದೇ ಹೊತ್ತಿಗೆ ಕೊನೆಕೊಯ್ಲು, ಅಡಿಕೆ ಸುಲಿಯುವುದು ಎಲ್ಲ ಮುಗಿದು ಕೈ ಸ್ವಲ್ಪ ಬಿಡುವಾಗಿತ್ತು. ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಮಾತೆಲ್ಲ ಒಂದೇ. ನಮ್ಮನೆ ಕೂಸು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸುತ್ತಿತ್ತು, ಎಂಟನೆಯದಕ್ಕೆ ಅದನ್ನು ಎಲ್ಲಿಗೆ ಹಾಕುವುದು?

ನಮ್ಮತ್ತೆ ಹೇಳಿದ್ದು, "ಎಲ್ಲಿಗೆ ಹಾಕಿದ್ರೂ ಓದದು ಅದೇ ಪುಸ್ತಕ ಅಲ್ದನೆ? ಮನೆ ಹತ್ರನೇ ಇರ್ಲಿ."

ಕೆಳಗಿನ ಮನೆ ಅತ್ತಿಗೆ ಹೇಳಿದ್ದು, "ಪೇಟೇಲಿ ಇಂಗ್ಲಿಷ್ ಮೀಡಿಯಂ ಇದ್ದು. ಅದೂ ಸರ್ಕಾರದ್ದೇ, ಫೀಸೂ ಹೆಚ್ಚಿಲ್ಲೆ. ಇನ್ನೆಂತ ಬೇಕೆ ಮಾರಾಯ್ತಿ?"

ತವರಿಗೆ ಫೋನು ಮಾಡಿದರೆ ಅಮ್ಮ, "ಕೂಸಿನ್ನ ಇಲ್ಲೇ ಬಿಡೆ. ಮೂರು ವರ್ಷ ನಮ್ಮನೇಲೇ ಇದ್ದು ಓದ್ಲಿ. ಯಂಗಕ್ಕೂ ಮನೇಲಿ ಒಂದು ಮಗು ಇದ್ದಂಗೆ ಆಗ್ತು" ಅಂತು.

ಇವರು ಮಾತ್ರ, "ನೀನೇ ನೋಡ್ಕಂಡು ಬಾ. ಆಮೇಲೆ ಯನ್ನ ಕೇಳಡ" ಎಂದು ತೋಟಕ್ಕೆ ಹೋದರು.

ಅಂತೂ ನೋಡಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೂರು ಗೀಟು ಎಳೆದೆ. ಒಂದು, ನಡೆದು ಹೋಗುವಷ್ಟು ಹತ್ತಿರದ ಹಳ್ಳಿ ಹೈಸ್ಕೂಲು. ಎರಡು, ಪೇಟೆಯ ದೊಡ್ಡ ಹೈಸ್ಕೂಲು. ಮೂರು, ತವರು ಕಡೆ, ಹೊಸನಗರ ಸೀಮೆಯಲ್ಲಿ ನಾನೇ ಓದಿದ ಹೈಸ್ಕೂಲು. ಮೂರೂ ಸರ್ಕಾರದವೇ. ಶಾಲೆಗಳ ಹೆಸರು ಬರೆಯುವುದಿಲ್ಲ. ಅಲ್ಲಿನ ಮೇಷ್ಟ್ರು, ಅಕ್ಕೋರುಗಳೂ ಇದನ್ನು ಓದಬಹುದು, ಸುಮ್ಮನೆ ಯಾಕೆ?

ವಸತಿ ಶಾಲೆ ಯಾಕೆ ನೋಡಲಿಲ್ಲ ಎಂದು ಕೇಳುವವರಿದ್ದೀರಿ. ಗಾಜನೂರಿನ ನವೋದಯಕ್ಕಾಗಲಿ, ಮೊರಾರ್ಜಿ ಶಾಲೆಗಾಗಲಿ ಆರನೇ ಕ್ಲಾಸಿಗೇ ಪರೀಕ್ಷೆ ಬರೆದು ಸೇರಬೇಕು. ಅಂದರೆ ಮಗು ಐದನೆಯದರಲ್ಲಿ ಇರುವಾಗಲೇ ನಾವು ಎಚ್ಚರಾಗಬೇಕು. ನಾನು ಎಚ್ಚರಾದದ್ದು ಏಳನೆಯದರಲ್ಲಿ. ನಿಮ್ಮ ಮನೆಯಲ್ಲಿ ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿದ್ದರೆ ಈಗಲೇ ವಿಚಾರಿಸಿಕೊಳ್ಳಿ.

ಹಿಂದಿನವರ ಕಷ್ಟದ ಮುಂದೆ ನಮ್ಮದೇನೂ ಅಲ್ಲ ಬಿಡಿ. ಕುಪ್ಪಳಿಯ ಪುಟ್ಟಪ್ಪನವರು ತೀರ್ಥಹಳ್ಳಿಯಲ್ಲಿ ಎ.ವಿ. ಶಾಲೆ ಮುಗಿಸಿ, ಹೈಸ್ಕೂಲು ಓದಲು ಮೈಸೂರಿಗೇ ಹೋಗಬೇಕಾಯಿತು. ಗಂಡುಮಕ್ಕಳು ಹೋದರು. ಹೆಣ್ಣುಮಕ್ಕಳು? ನಮ್ಮ ದೊಡ್ಡಮ್ಮನ ಓದು ನಾಲ್ಕನೆಯದಕ್ಕೇ ನಿಂತಿತು. ನನ್ನ ಅಕ್ಕ ಏಳನೆಯದನ್ನು ಕ್ಲಾಸಿಗೇ ಮೊದಲಾಗಿ ಮುಗಿಸಿತು, ಮುಂದೆ ಹೋಗಲಿಲ್ಲ. ಆಗ ಹೈಸ್ಕೂಲಿಗೆ ಹೋಗಬೇಕೆಂದರೆ ಹಳ್ಳ ದಾಟಬೇಕಿತ್ತು, ಮಳೆಗಾಲದಲ್ಲಿ ಸಂಕ ತೇಲಿ ಹೋಗುತ್ತಿತ್ತು. ನನ್ನ ಹೊತ್ತಿಗೆ ಹಳ್ಳಕ್ಕೆ ಮೋರಿ ಕಟ್ಟಿದ್ದರು. ಅಕ್ಕನಿಗೂ ನನಗೂ ಇದ್ದ ವ್ಯತ್ಯಾಸ ಬುದ್ಧಿಯದ್ದಲ್ಲ, ಆ ಒಂದು ಮೋರಿಯದ್ದು.

ಈಗ ಒಂದೊಂದಾಗಿ ಹೇಳುತ್ತೇನೆ.

ಮೊದಲು ಪೇಟೆಗೆ ಹೋದೆ. ಕೂಸಿನ ಮನಸ್ಸು ಇದ್ದದ್ದು ಅಲ್ಲೇ. ಅದರ ಜೀವದ ಗೆಳತಿ, ಅದೇ ಕೆಳಗಿನ ಮನೆ ಅತ್ತಿಗೆಯ ಮಗಳು, ಅಲ್ಲಿಗೇ ಸೇರುವುದು ಎಂದು ಆಗಲೇ ನಿಕ್ಕಿಯಾಗಿತ್ತು. "ಅದು ಹೋಗ್ತು, ಆನೂ ಹೋಗ್ತಿ" ಎಂದು ಕೂಸಿನ ಹಟ. ಶಾಲೆ ದೊಡ್ಡದು, ಅಂಗಳವೂ ದೊಡ್ಡದು. ವಿಜ್ಞಾನದ ಕೋಣೆಯಲ್ಲಿ ಗಾಜಿನ ಸಾಮಾನು ಜೋಡಿಸಿಟ್ಟಿದ್ದರು, ಬಳಸಿದ ಗುರುತೂ ಇತ್ತು. ಎಂಟನೆಯದಕ್ಕೆ ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು ವಿಭಾಗ. ಗೇಟಿನ ಪಕ್ಕ ಹತ್ತನೇ ಕ್ಲಾಸಿನ ಫಲಿತಾಂಶದ ಫ್ಲೆಕ್ಸು. ಅದರಲ್ಲಿ ಮಕ್ಕಳ ಫೋಟೋ, ಫೋಟೋದ ಕೆಳಗೆ 625ಕ್ಕೆ ಇಷ್ಟು, ಇಷ್ಟು ಎಂದು.

ನಾನು ಮೊದಲು ಆ ಫ್ಲೆಕ್ಸಿಗೇ ಮರುಳಾದದ್ದು. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದೆ, ಫಲಿತಾಂಶ ಅಂದರೆ ಎಂತದು? ನಮ್ಮ ಹಳ್ಳಿ ಹೈಸ್ಕೂಲಿನಲ್ಲಿ ಹತ್ತನೆಯದಕ್ಕೆ ಇದ್ದದ್ದು ಹದಿನೆಂಟು ಮಕ್ಕಳು. ಒಂದು ಮಗು ಫೇಲಾದರೆ ಶೇಕಡಾ ಐದೂವರೆ ಇಳಿಯುತ್ತದೆ. ಪೇಟೆಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳು, ಅಲ್ಲಿ ಒಂದು ಮಗು ಫೇಲಾದರೆ ಒಂದೂ ಇಳಿಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸಿದರೂ ಅಷ್ಟೇ. 2023ರಲ್ಲಿ ಇಡೀ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಜಾಸ್ತಿ ಕೊಟ್ಟರೂ ಶೇ. 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಆ 2024ರಲ್ಲೂ ನಮ್ಮ ಶಿವಮೊಗ್ಗ ಜಿಲ್ಲೆ ಉಡುಪಿ, ದಕ್ಷಿಣ ಕನ್ನಡದ ನಂತರ ಮೂರನೆಯದಾಗಿ ಬಂತು, ಅದೊಂದು ಸಮಾಧಾನ. ಅದಕ್ಕೇ ಹೆಡ್‌ಮೇಷ್ಟ್ರ ಹತ್ತಿರ "ಎಷ್ಟು ಪರ್ಸೆಂಟು" ಎಂದು ಕೇಳುವ ಬದಲು ನಾನು ಕೇಳಿದ್ದು ಹೀಗೆ: "ಮೂರು ವರ್ಷದ ಹಿಂದೆ ಎಂಟನೆಯದಕ್ಕೆ ಸೇರಿದವರು ಎಷ್ಟು ಜನ? ಅವರಲ್ಲಿ ಹತ್ತನೆಯದರ ಪರೀಕ್ಷೆ ಬರೆದವರು ಎಷ್ಟು ಜನ?" ನಡುವೆ ಬಿಟ್ಟುಹೋದವರ ಫೋಟೋ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ. ಅವರು ಬೇಸರಿಸದೆ ಪುಸ್ತಕ ತೆಗೆದು ನೋಡಿ ಹೇಳಿದರು. ಅದು ನನಗೆ ಇಷ್ಟವಾಯಿತು.

ಪೇಟೆಯ ತೊಂದರೆ ಇರುವುದು ದಾರಿಯಲ್ಲಿ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಎಲ್ಲರಿಗೂ ಗೊತ್ತು. ಅದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಓಡುವುದು ಹೆಚ್ಚು ಪ್ರೈವೇಟ್ ಬಸ್ಸುಗಳೇ, ಅದರಲ್ಲಿ ದುಡ್ಡು ಕೊಡಲೇಬೇಕು. ದುಡ್ಡೂ ದೊಡ್ಡದಲ್ಲ ಅನ್ನಿ. ಸಂಜೆ ಶಾಲೆ ಬಿಟ್ಟ ಮೇಲಿನ ಬಸ್ಸು ಹಿಡಿದು ಮನೆ ಹತ್ತಿರ ಇಳಿಯುವಾಗ ಆರು ಕಾಲು, ಆರೂವರೆ. ಇಳಿದ ಮೇಲೆ ತೋಟದ ದಾರಿ ಬೇರೆ. ಆಷಾಢದ ಮಳೆಯಲ್ಲಿ ಐದು ಗಂಟೆಗೇ ಕತ್ತಲೆ ಕವಿಯುತ್ತದೆ. ಮೊದಲಾದರೆ ಎಂಟನೆಯದಕ್ಕೆ ಸೈಕಲ್ಲಾದರೂ ಕೊಡುತ್ತಿದ್ದರು. ಕೊರೊನಾ ಬಂದಮೇಲೆ ಅದೂ ನಿಂತಿದೆ.

ಎರಡನೆಯದು ನಾನು ಓದಿದ ಹೈಸ್ಕೂಲು. ಅಮ್ಮನ ಮನೆಗೆ ಹೋದವಳು ಮರುದಿನ ಬೆಳಿಗ್ಗೆ ಆಸರಿ ಕುಡಿದು ಅಲ್ಲಿಗೆ ನಡೆದೇ ಹೋದೆ. 1999ರಲ್ಲಿ ಹತ್ತನೆಯದು ಮುಗಿಸಿ ಬಂದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ನೇರ ಹೆಡ್‌ಮೇಷ್ಟ್ರ ಕೋಣೆಗೆ ಹೋಗಬೇಕಾದವಳು, ಕಟ್ಟಡದ ಹಿಂದಕ್ಕೆ ಹೋದೆ.

ಇದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಓದುವವರು ನೀವೇ ಅಲ್ಲವೇ, ಬರೆಯುತ್ತೇನೆ. ನಮ್ಮ ಕಾಲದಲ್ಲಿ ಆ ಶಾಲೆಯಲ್ಲಿ ಹುಡುಗಿಯರಿಗೆ ಶೌಚಾಲಯ ಇರಲಿಲ್ಲ. ಹಿಂದಿನ ಗುಡ್ಡಕ್ಕೆ ಇಬ್ಬಿಬ್ಬರಾಗಿ ಹೋಗುವುದು, ಒಬ್ಬರು ಕಾಯುವುದು. ಬೇರೆ ದಿನ ಹೇಗೋ ಆಗುತ್ತಿತ್ತು. ತಿಂಗಳಿನ ಆ ಮೂರು ದಿನ ಮಾತ್ರ ನಾನು ಶಾಲೆಗೇ ಹೋಗುತ್ತಿರಲಿಲ್ಲ. ಮನೆಯಲ್ಲೂ ಹೊರಗೆ ಕೂರುವ ಪದ್ಧತಿ ಇದ್ದುದರಿಂದ ಯಾರೂ "ಹೋಗು" ಎಂದು ಹೇಳುತ್ತಲೂ ಇರಲಿಲ್ಲ. ತಿಂಗಳಿಗೆ ಮೂರು ದಿನ, ವರ್ಷಕ್ಕೆ ಮೂವತ್ತು ದಿನ, ಮೂರು ವರ್ಷಕ್ಕೆ ತೊಂಬತ್ತು ದಿನ. ಲೆಕ್ಕದ ಪಾಠ ಹೇಗೆಂದು ನಿಮಗೆ ಗೊತ್ತಲ್ಲ, ಒಂದು ಕೊಂಡಿ ತಪ್ಪಿದರೆ ಮುಂದಿನದು ಹಿಡಿತಕ್ಕೆ ಸಿಗುವುದಿಲ್ಲ. ವರ್ಗ ಸಮೀಕರಣ ಶುರು ಮಾಡಿದ ದಿನ ನಾನಿರಲಿಲ್ಲ. ಕೊನೆಗೆ ಕನ್ನಡದಲ್ಲಿ 125ಕ್ಕೆ 108 ಬಂದವಳಿಗೆ ಗಣಿತದಲ್ಲಿ 36. "ಹೆಣ್ಮಕ್ಕಳಿಗೆ ಲೆಕ್ಕ ತಲೆಗೆ ಹೋಗ್ತಿಲ್ಲೆ" ಎಂದು ಸೋದರಮಾವ ನಗೆಯಾಡಿದ. ನಾನೂ ಹಾಗೇ ಅಂದುಕೊಂಡೆ. ಪಿಯುಸಿಯಲ್ಲಿ ವಿಜ್ಞಾನದ ಮಾತೇ ಎತ್ತಲಿಲ್ಲ. ತೊಂಬತ್ತು ದಿನದ ಲೆಕ್ಕ ನನಗೆ ಹೊಳೆದದ್ದು ಈಗ, ಮಗಳ ಶಾಲೆ ನೋಡಲು ಹೊರಟಾಗ.

ಈಗ ಅಲ್ಲಿ ಹುಡುಗಿಯರಿಗೆ ಮೂರು ಶೌಚಾಲಯ ಇದೆ. ಬಾಗಿಲಿದೆ, ಒಳಗಿನಿಂದ ಚಿಲಕವಿದೆ. ನಲ್ಲಿ ತಿರುಗಿಸಿದೆ, ನೀರು ಬಂತು. ಶುಚಿ ಯೋಜನೆಯ ಪ್ಯಾಡುಗಳೂ ಬಂದಿವೆ ಎಂದು ಅಲ್ಲಿನ ಅಕ್ಕೋರು ಹೇಳಿದರು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವರು "ಎಂತ ಆಯ್ತು?" ಎಂದು ಕೇಳಿದರು. ಏನಿಲ್ಲ, ನಾನು ಇಲ್ಲೇ ಓದಿದ್ದು ಎಂದೆ.

ಆ ಶಾಲೆ ಚೆನ್ನಾಗಿದೆ. ಆದರೆ ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಮಂಡಿನೋವು. ಹದಿಮೂರು ವರ್ಷದ ಹುಡುಗಿ ಮನೆಯಲ್ಲಿದ್ದರೆ ಬೆಳಿಗ್ಗೆ ಎಂಟೂವರೆಗೆ ತಿಂಡಿ ಆಗಬೇಕು. ಅಮ್ಮ ಮಾಡುತ್ತದೆ, ಬೇಡವೆನ್ನುವುದಿಲ್ಲ. ಅದೇ ನನ್ನ ಹೆದರಿಕೆ. ಇನ್ನೊಂದೂ ಇದೆ. ದೊಡ್ಡವಳಾಗುವ ಮೂರು ವರ್ಷ ಮಗಳು ನನ್ನ ಕಣ್ಣೆದುರು ಇರಬೇಕು ಎಂದು ನನಗೇ ಆಸೆ. ಅಮ್ಮನಿಗೆ ಇದನ್ನು ಹೇಳಲು ಆಗಲಿಲ್ಲ. "ರಜೆಯಲ್ಲಿ ಪೂರ್ತಿ ಕಳಿಸ್ತಿ" ಎಂದು ಹೇಳಿ ಬಂದೆ.

ಮೂರನೆಯದು ನಡೆದು ಹೋಗುವ ಹೈಸ್ಕೂಲು. ಮನೆಯಿಂದ ತೋಟ ಇಳಿದು, ಸೊಪ್ಪಿನ ಬೆಟ್ಟ ಹತ್ತಿದರೆ ಮುಕ್ಕಾಲು ಗಂಟೆ. ಉಂಬಳ ಹತ್ತುತ್ತದೆ, ಅದಕ್ಕೆ ಸುಣ್ಣ ಹೊಗೆಸೊಪ್ಪು ಇದ್ದೇ ಇದೆ. ದಾರಿಯಲ್ಲಿ ಇನ್ನೂ ಐದು ಮಕ್ಕಳು ಜೊತೆಯಾಗುತ್ತಾರೆ. ಶಾಲೆ ಚಿಕ್ಕದು. ವಿಜ್ಞಾನದ ಕೋಣೆ ಎಂದು ಬೋರ್ಡಿದೆ, ಒಳಗೆ ಅಕ್ಕಿ ಮೂಟೆ ಇಟ್ಟಿದ್ದರು. ಇಂಗ್ಲಿಷ್ ವಿಭಾಗ ಇಲ್ಲ. ಆದರೆ ಗಣಿತದ ಮೇಷ್ಟ್ರು ಖಾಯಂ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾರೆ, ಪ್ರತಿ ಮಗುವಿನ ಅಪ್ಪ ಅಮ್ಮನ ಹೆಸರು ಹೇಳುತ್ತಾರೆ. ಹುಡುಗಿಯರ ಶೌಚಾಲಯ ಎರಡಿದೆ, ನೀರಿದೆ. ಮಧ್ಯಾಹ್ನದ ಊಟಕ್ಕೆ ಅನ್ನ ಸಾರು ಬಿಸಿ ಇತ್ತು. ನಾನು ಅಲ್ಲೇ ಎರಡು ತುತ್ತು ಉಂಡು ನೋಡಿದೆ, ನಾಚಿಕೆ ಎಂತದು? ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ.

ಇಂಗ್ಲಿಷಿನ ಪ್ರಶ್ನೆ ಮಾತ್ರ ನನ್ನನ್ನು ನಿದ್ದೆ ಕೆಡಿಸಿತು. ಪಿಯುಸಿ ವಿಜ್ಞಾನಕ್ಕೆ ಹೋದರೆ ಹೇಗೂ ಇಂಗ್ಲಿಷೇ. ಏಳು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ಎಂಟನೆಯದಕ್ಕೇ ದಾಟಿಸಿದರೆ ಮೂರು ವರ್ಷ ಅಭ್ಯಾಸಕ್ಕೆ ಸಿಗುತ್ತದೆ ಎಂದು ಅತ್ತಿಗೆಯ ವಾದ. ಅದು ಸುಳ್ಳಲ್ಲ. ನಮ್ಮ ಭಾವನ ಮಗ ಹತ್ತರವರೆಗೆ ಕನ್ನಡದಲ್ಲೇ ಓದಿ ಪಿಯುಸಿಯಲ್ಲಿ ಮೊದಲ ಆರು ತಿಂಗಳು ಅತ್ತಿದ್ದನ್ನು ನಾನೇ ನೋಡಿದ್ದೇನೆ. ದ್ಯುತಿಸಂಶ್ಲೇಷಣೆ ಗೊತ್ತು, ಫೋಟೋಸಿಂಥೆಸಿಸ್ ಎಂದರೆ ಅದೇ ಎಂದು ಗೊತ್ತಿಲ್ಲ.

ಇನ್ನೊಂದು ಕಡೆಯ ಲೆಕ್ಕವೂ ಇದೆ, ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ್ದು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಸೀಟು, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇರುತ್ತದೆ. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹತ್ತೂ ವರ್ಷ ಹಾಗೆ ಓದಿರಬೇಕು. ಬೇರೆ ಷರತ್ತುಗಳೂ ಇವೆ, ಆದರೆ ಇದು ಮೊದಲನೆಯದು. ಏಳು ವರ್ಷ ಹಳ್ಳಿಯಲ್ಲಿ ಓದಿ ಮೂರು ವರ್ಷಕ್ಕೆ ಪಟ್ಟಣ ಪಂಚಾಯಿತಿ ಗಡಿಯ ಒಳಗೆ ಹೋದರೆ ಆ ಏಳು ವರ್ಷವೂ ಲೆಕ್ಕಕ್ಕೆ ಬರುವುದಿಲ್ಲ. ನಾನು ಇದನ್ನು ಅತ್ತಿಗೆಗೂ ಹೇಳಿದೆ. "ಹೌದನ? ಯಂಗೆ ಯಾರೂ ಹೇಳಿದ್ವಿಲ್ಲೆ" ಅಂತು. ಆದರೂ ಅವರು ಪೇಟೆಗೇ ಹಾಕಿದರು, ಅವರ ಲೆಕ್ಕ ಅವರಿಗೆ.

ಎನ್.ಎಂ.ಎಂ.ಎಸ್. ಪರೀಕ್ಷೆ ಎಂದೊಂದಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯದರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಶಾಲೆ ನೋಡುವಾಗ "ಇದಕ್ಕೆ ತಯಾರಿ ಮಾಡಿಸುತ್ತೀರಾ?" ಎಂದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ನಮ್ಮ ಹಳ್ಳಿಯ ಗಣಿತದ ಮೇಷ್ಟ್ರು ಹಳೆ ಪ್ರಶ್ನೆಪತ್ರಿಕೆಯ ಕಟ್ಟನ್ನೇ ತೆಗೆದು ಮೇಜಿನ ಮೇಲೆ ಇಟ್ಟರು.

ಆ ಕಟ್ಟು ನೋಡಿಯೇ ನಾನು ತೀರ್ಮಾನ ಮಾಡಿದ್ದು ಎಂದರೂ ಸರಿ. ಹತ್ತಿರದ ಹೈಸ್ಕೂಲೇ ಎಂದು ಮನೆಗೆ ಬಂದು ಹೇಳಿದೆ.

ಕೂಸು ಊಟ ಮಾಡಲಿಲ್ಲ. ಮೆತ್ತಿನ ಮೇಲೆ ಹೋಗಿ ಕೂತಿತು. ರಾತ್ರಿ ನಾನು ಹೋಗಿ ಪಕ್ಕದಲ್ಲಿ ಮಲಗಿದೆ. "ನಿಂಗೆ ಲೆಕ್ಕ ಬತ್ತಿಲ್ಲೆ ಹೇಳಿ ಯನ್ನ ಲೆಕ್ಕದ ಮೇಷ್ಟ್ರ ಹತ್ರ ಕಳಿಸ್ತಾ ಇದ್ದೆ" ಎಂದಿತು, ಗೋಡೆ ಕಡೆ ಮುಖ ಮಾಡಿಕೊಂಡೇ. ಸಿಟ್ಟಿನಲ್ಲಿ ಹೇಳಿದ್ದು, ಆದರೆ ಹೇಳಿದ್ದು ಸರಿಯೇ ಇತ್ತಲ್ಲ. ಆ ಹೊತ್ತಿನಲ್ಲಿ ನಾನು ತೊಂಬತ್ತು ದಿನದ ಕಥೆ ಹೇಳಿದೆ. ಗುಡ್ಡದ್ದು, ಕಾಯುತ್ತಿದ್ದದ್ದು, 36 ಬಂದದ್ದು ಎಲ್ಲ. ನನ್ನ ಅಮ್ಮ ನನ್ನ ಹತ್ತಿರ ಇಂಥ ಮಾತು ಆಡಿದ್ದೇ ಇಲ್ಲ. ಕೂಸು ಎಲ್ಲ ಕೇಳಿ ಸುಮಾರು ಹೊತ್ತಿನ ಮೇಲೆ, "ಅಲ್ಲಿ ನೀರು ಬತ್ತಾ ನೋಡಿದ್ಯಾ?" ಎಂದು ಕೇಳಿತು. ನೋಡಿದ್ದಿ ಎಂದೆ. "ಆತು" ಅಂತು.

ಇಲ್ಲಿಗೆ ಮುಗಿದಿದ್ದರೆ ನಾನು ಜಾಣೆ ಎನ್ನಿಸಿಕೊಳ್ಳುತ್ತಿದ್ದೆ. ಜೂನ್‌ನಲ್ಲಿ ಶಾಲೆ ಶುರುವಾಯಿತು. ಮಳೆಗಾಲದ ನಡುವೆ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಹನ್ನೊಂದು ವರ್ಷ ಅಲ್ಲಾಡದವರು ನಮ್ಮ ಕೂಸು ಸೇರಿ ಎರಡು ತಿಂಗಳಿಗೆ ಹೋದರು. ಅವರದ್ದೂ ತಪ್ಪಿಲ್ಲ, ವಯಸ್ಸಾದ ತಂದೆ ತಾಯಿ ಊರಲ್ಲಿದ್ದರು. ಐದು ವಾರ ಲೆಕ್ಕದ ಪಾಠವೇ ಇಲ್ಲ. ನಾನು ಯಾವುದನ್ನು ನಂಬಿ ಮಗಳನ್ನು ಅಳಿಸಿದ್ದೆನೋ ಅದೇ ಇಲ್ಲ. ಅತ್ತಿಗೆ ಎದುರು ಸಿಕ್ಕಾಗ ಒಂದು ಮಾತೂ ಆಡಲಿಲ್ಲ, ಅದು ಅವರ ದೊಡ್ಡತನ.

ಆಗ ನಾವು ಏಳು ಜನ ತಾಯಂದಿರು ಸೇರಿ ಶಾಲೆಗೆ ಹೋದೆವು. ಎಸ್‌ಡಿಎಂಸಿ ಸಭೆಯಲ್ಲಿ ಅಲ್ಲಿಯವರೆಗೆ ಮಾತಾಡುತ್ತಿದ್ದದ್ದು ಗಂಡಸರೇ, ಅದೂ ಕಾಂಪೌಂಡು, ಧ್ವಜಸ್ತಂಭದ ಬಗ್ಗೆ. ನಾವು ಲೆಕ್ಕದ ಪಾಠ ಎಂದು ಕೇಳಿದೆವು. ಅರ್ಜಿ ಬರೆದು ಪೇಟೆಯ ಕಚೇರಿಗೂ ಹೋಗಿ ಬಂದೆವು, ಎರಡು ಸಲ. ಅತಿಥಿ ಶಿಕ್ಷಕಿಯಾಗಿ ಪಕ್ಕದೂರಿನ ಹುಡುಗಿ ಬಂತು, ಈಚೆಗಷ್ಟೇ ಬಿ.ಇಡಿ. ಮುಗಿಸಿದ್ದು. ಮೊದಲ ತಿಂಗಳು ಅದರ ಧ್ವನಿಯೇ ಹೊರಡುತ್ತಿರಲಿಲ್ಲವಂತೆ. ಈಗ ಪಾಠ ಚೆನ್ನಾಗಿ ಮಾಡುತ್ತದೆ, ಸಂಬಳ ಮಾತ್ರ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ಮುಂದಿನ ವರ್ಷ ಇದೇ ಹುಡುಗಿ ಇರುತ್ತದೋ ಇಲ್ಲವೋ. ಅದಕ್ಕೇ ಹೇಳುವುದು, ಒಬ್ಬ ಮೇಷ್ಟ್ರನ್ನು ನೋಡಿ ಶಾಲೆ ಆರಿಸಬೇಡಿ. ಮೇಷ್ಟ್ರು ಹೋದರೆ ಹೋಗಿ ಕೇಳುವಷ್ಟು ಹತ್ತಿರ ಶಾಲೆ ಇದೆಯೋ, ಜೊತೆಗೆ ಬರುವ ತಾಯಂದಿರು ಇದ್ದಾರೋ ನೋಡಿ. ಇದು ನನ್ನ ಗೀಟು ಎಳೆದ ಹಾಳೆಯಲ್ಲಿ ಇರಲಿಲ್ಲ.

ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಿತು, ಆಯ್ಕೆಯಾಗಲಿಲ್ಲ. ಪೇಟೆಗೆ ಹೋದ ಗೆಳತಿ ಇಂಗ್ಲಿಷಿನಲ್ಲಿ ಈಗ ಸರಾಗ ಓದುತ್ತದೆ, ನಾನೇ ಕೇಳಿದ್ದೇನೆ. ಮಳೆಗಾಲ ಪೂರ್ತಿ ಅತ್ತಿಗೆ ಕೊಡೆ, ಟಾರ್ಚು ಹಿಡಿದು ಬಸ್ಸು ಇಳಿಯುವಲ್ಲಿ ನಿಂತದ್ದನ್ನೂ ನೋಡಿದ್ದೇನೆ. ಭಾನುವಾರ ಎರಡೂ ಮಕ್ಕಳು ನಮ್ಮನೆ ಜಗಲಿಯಲ್ಲಿ ಕೂತು ಒಂದರ ಪುಸ್ತಕ ಒಂದು ನೋಡುತ್ತವೆ. ನಮ್ಮದು ಅದಕ್ಕೆ ಲೆಕ್ಕ ಹೇಳಿಕೊಡುತ್ತದೆ, ಅದು ಇದಕ್ಕೆ ಇಂಗ್ಲಿಷ್ ಪದ ಬರೆಸುತ್ತದೆ. ಪುಸ್ತಕದ ಅಂಚಿನಲ್ಲಿ ದ್ಯುತಿಸಂಶ್ಲೇಷಣೆಯ ಪಕ್ಕ ಫೋಟೋಸಿಂಥೆಸಿಸ್ ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡದ್ದು ಕಂಡೆ. ಅದನ್ನು ನಾನು ಹೇಳಿದ್ದಲ್ಲ.

ಮೊನ್ನೆ ಎಂಟನೆಯದರ ಪ್ರಗತಿಪತ್ರ ಬಂತು. ಅಂಕ ನೋಡುವ ಮೊದಲು ನಾನು ಹಾಜರಿ ನೋಡಿದೆ. ಇಡೀ ವರ್ಷದಲ್ಲಿ ಗೈರುಹಾಜರಿ ಐದು ದಿನ. ಮೂರು ದಿನ ಜ್ವರ, ಎರಡು ದಿನ ಭಾವನ ಮಗನ ಉಪನಯನ. ಅತ್ತೆ, "ಮಾರ್ಕು ಎಷ್ಟು ಬಂತೆ?" ಎಂದು ಒಳಗಿನಿಂದ ಕೂಗಿ ಕೇಳಿದರು. ಗಣಿತದಲ್ಲಿ 71 ಎಂದೆ. ಹಾಜರಿಯ ಕಥೆ ಅವರಿಗೆ ಹೇಳಲಿಲ್ಲ. ಪ್ರಗತಿಪತ್ರಕ್ಕೆ ಸಹಿ ಹಾಕಿ ಕೂಸಿನ ಚೀಲದಲ್ಲಿ ಇಟ್ಟೆ.